ಹೂಂ ಅಂದವರ ಬೀದಿ

ಅವಳಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಶಾಲೆ ಬಿಟ್ಟ ಮೇಲೆ ಅದು ಹೆಚ್ಚು ಬಳಕೆಗೆ ಬರಲಿಲ್ಲ. ಊರಿಗೆಲ್ಲ ಅವಳು ಪ್ರಶ್ನಕ್ಕ. ವಿಶ್ವವಿದ್ಯಾಲಯದಲ್ಲಿ ಪ್ರಾದೇಶಿಕ ಅಭಿವೃದ್ಧಿ ಅಂತ ಒಂದು ವಿಭಾಗ ಇತ್ತು. ಅಲ್ಲಿನವರು ಕೂತು ಯೋಚನೆ ಮಾಡುತ್ತಿದ್ದರು, ಯೋಚನೆಗೆ ಬೇಕಾದ ಸಾಮಾನನ್ನು ಇವಳು ಮನೆಮನೆ ಅಲೆದು ತರುತ್ತಿದ್ದಳು. ಮನೆಯಲ್ಲಿ ಎಷ್ಟು ಜನ, ದುಡಿಯುವವರು ಯಾರು, ನೀರು ಎಲ್ಲಿಂದ, ಕೆಲಸಕ್ಕೆ ಯಾವ ಬಸ್ಸು, ಹುಡುಗಿಯರು ಎಲ್ಲಿವರೆಗೆ ಓದಿದರು. ವರ್ಷಕ್ಕೊಮ್ಮೆ ನವೀಕರಿಸುವ ಗುತ್ತಿಗೆಯ ನೌಕರಿ. ಪ್ರತಿ ವರ್ಷವೂ ಇದೇ ಕೊನೆ ಅನ್ನುತ್ತಿದ್ದರು, ಪ್ರತಿ ವರ್ಷವೂ ಮುಂದುವರಿಯುತ್ತಿತ್ತು.

ಜನರ ಬಾಯಿ ಬಿಡಿಸುವುದು ಅವಳಿಗೆ ಒಲಿದು ಬಂದಿತ್ತು. ಬಾಗಿಲು ತೆಗೆದವರಿಗೆ ಮೊದಲು ಪ್ರಶ್ನೆ ಹಾಕುತ್ತಿರಲಿಲ್ಲ. ಹೊಸ್ತಿಲ ಮೇಲೋ, ಗೋಡೆಗೊರಗಿಸಿದ ಸ್ಟೂಲಿನ ಮೇಲೋ ಕೂತು, "ಮಂಡಿ ನೋವು ಹೇಗಿದೆ ಈಗ?" ಅನ್ನುತ್ತಿದ್ದಳು. ಮಂಡಿಯಿಂದ ಸೊಂಟಕ್ಕೆ, ಸೊಂಟದಿಂದ ಸೊಸೆಗೆ ಮಾತು ಹೋಗಿ, ಅಷ್ಟರಲ್ಲಿ ಅರ್ಧ ಉತ್ತರ ತಾನಾಗಿಯೇ ಬಂದುಬಿಡುತ್ತಿತ್ತು. ಹೊಸದಾಗಿ ಸೇರಿದ ಸಂಶೋಧನಾ ವಿದ್ಯಾರ್ಥಿಗಳಿಗೆ ಮುಖದ ಮೇಲೆ ಬಾಗಿಲು ಹಾಕುವ ಬೀದಿಗಳಲ್ಲಿ ಇವಳಿಗೆ ಚಹಾ ಸಿಗುತ್ತಿತ್ತು.

ಮದುವೆ ಆಗಿರಲಿಲ್ಲ. "ಊರನ್ನೆಲ್ಲ ಕೇಳ್ತೀಯ, ನಿನ್ನನ್ನ ಯಾರೂ ಬಂದು ಕೇಳ್ಲಿಲ್ವೇನೇ?" ಅಂತ ಅತ್ತಿಗೆ ಛೇಡಿಸಿದರೆ, "ಕೇಳಿದ್ರು ಅತ್ತಿಗೆ. 'ಉತ್ತರಿಸಲು ಇಷ್ಟವಿಲ್ಲ' ಅನ್ನೋ ಕಡೆ ಗುರುತು ಹಾಕ್ದೆ" ಅನ್ನುವಳು. ಅಣ್ಣ ಅತ್ತಿಗೆಯ ಜೊತೆಗೇ ಅವಳ ವಾಸ. ಮುಂದೆ ಅಣ್ಣನ ಕಾರ್ಖಾನೆ, ಹಿಂದೆ ಮನೆ. ಕಾರ್ಖಾನೆ ಅಂದರೆ ಎರಡು ಮರಗೆಲಸದ ಮೇಜು, ಒಂದು ಗರಗಸದ ಯಂತ್ರ, ತಗಡಿನ ಮಾಡಿನ ಕೆಳಗೊಂದು ದೊಡ್ಡ ಅಟ್ಟ. ಅಪ್ಪನ ಕಾಲದಿಂದ ಅಲ್ಲಿ ಆಗುತ್ತಿದ್ದುದು ಕುರ್ಚಿ ಮಾತ್ರ. ಆ ಬೀದಿಯ ಉದ್ದಕ್ಕೂ ಅಂಥವೇ ಅಂಗಡಿಗಳು, ಒಬ್ಬರದು ಮಂಚ, ಒಬ್ಬರದು ಬೀರು, ಮೂಲೆಯ ಪಾಲಿಶ್‌ ಮಾವನದು ಬರೀ ಹೊಳಪು ಕೊಡುವ ಕೆಲಸ. ಒಬ್ಬರ ಮರ ಇನ್ನೊಬ್ಬರ ಅಟ್ಟದಲ್ಲಿ ಒಣಗುತ್ತಿತ್ತು, ಒಬ್ಬರ ಜಗಳ ಇನ್ನೊಬ್ಬರ ಜಗಲಿಯಲ್ಲಿ ತೀರುತ್ತಿತ್ತು.

ಅಣ್ಣ ಮಾತಿನಲ್ಲಿ ಜಿಪುಣ. ಕುರ್ಚಿ ಮುಗಿಸಿದ ಮೇಲೆ ಅದರಲ್ಲಿ ತಾನೇ ಒಮ್ಮೆ ಕೂತು ಕಣ್ಣು ಮುಚ್ಚುತ್ತಿದ್ದ. ಸರಿ ಇದ್ದರೆ ಎದ್ದು ಹೋಗುತ್ತಿದ್ದ, ಸರಿ ಇಲ್ಲದಿದ್ದರೆ ಅಲ್ಲೇ ಕೂತಿರುತ್ತಿದ್ದ. ಅವನು ಎಷ್ಟು ಹೊತ್ತು ಕೂತ ಅನ್ನುವುದರ ಮೇಲೆ ಅತ್ತಿಗೆ ಆ ದಿನದ ಅಡುಗೆಯ ಹೊತ್ತು ಗೊತ್ತು ಮಾಡುತ್ತಿದ್ದಳು.

ಊರು ಮೊದಲಿನ ಹಾಗೆ ಇರಲಿಲ್ಲ. ಹಳೇ ನೂಲಿನ ಗಿರಣಿ ಮುಚ್ಚಿತ್ತು. ದುಡಿಯುವ ವಯಸ್ಸಿನವರು ಬೇರೆ ಊರಿನ ಬಸ್ಸು ಹತ್ತುತ್ತಿದ್ದರು. ಹಾಗಿರುವಾಗ ನಗರಸಭೆ ವಿಶ್ವವಿದ್ಯಾಲಯವನ್ನು ಕೇಳಿತು: ಈ ಊರಿಗೆ ಮತ್ತೆ ಕೆಲಸ ಬರಬೇಕಾದರೆ ಏನು ಮಾಡಬೇಕು? ಕೇಳಿದ್ದು ಒಳ್ಳೆಯ ಪ್ರಶ್ನೆ, ಕೇಳಿದವರ ಮನಸ್ಸೂ ಕೆಟ್ಟದ್ದಲ್ಲ. ಅಧ್ಯಯನದ ಹೊಣೆ ವಿಭಾಗದ ಪ್ರೊಫೆಸರರ ಮೇಲೆ ಬಿತ್ತು. ಎತ್ತರದ ಆಳು, ಸಣ್ಣ ದನಿ. ಎದುರಿಗಿದ್ದವರಿಗೆ ಅರ್ಥವಾಯಿತೋ ಇಲ್ಲವೋ ಅಂತ ಪ್ರತಿ ವಾಕ್ಯಕ್ಕೂ ನಿಂತು ನೋಡುವ ಸ್ವಭಾವ. ಅವರು ಪ್ರಶ್ನಕ್ಕನನ್ನು ಕರೆದು, "ನಿಮ್ಮ ಬೀದಿಯಿಂದಲೇ ಶುರು ಮಾಡೋಣಮ್ಮ. ಈ ಊರಲ್ಲಿ ಇನ್ನೂ ಉಸಿರಾಡ್ತಿರೋ ಕಸುಬು ಅಂದ್ರೆ ಅದೇ" ಅಂದರು. ಅವಳಿಗೆ ಆ ದಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಬೀದಿಯಲ್ಲಿ ಮೊದಮೊದಲು ಎಲ್ಲರೂ ನಕ್ಕರು. "ಹುಟ್ಟಿದಾಗಿಂದ ನೋಡಿದೀಯ, ಇನ್ನೂ ಏನು ಕೇಳೋದು ನಮ್ಮನ್ನ?" ಅಂದ ಪಾಲಿಶ್‌ ಮಾವ. ಅವನು ಅವಳಿಗೆ ಸೋದರಮಾವನೇನಲ್ಲ. ಅಪ್ಪನ ಗೆಳೆಯ, ಅವಳನ್ನು ಎತ್ತಿ ಆಡಿಸಿದವನು.

"ನೋಡಿದ್ದು ಲೆಕ್ಕಕ್ಕಿಲ್ಲ ಮಾವ. ನೀನು ಬಾಯಿಬಿಟ್ಟು ಹೇಳ್ಬೇಕು."

"ಹೇಳಿದ್ರೆ?"

"ನಗರಸಭೆಯವರು ಕೇಳ್ತಾರೆ."

"ಅವರಿಗೆ ಕಿವಿ ಇದೆಯಾ? ನಾನು ಬರೀ ಬಾಯಿ ಅಂದ್ಕೊಂಡಿದ್ದೆ."

ನಕ್ಕರೂ ಹೇಳಿದರು. ಎಲ್ಲರ ದೂರೂ ಕೊನೆಗೆ ಮರ ಒಣಗುವ ವಿಷಯಕ್ಕೇ ಬಂದು ನಿಲ್ಲುತ್ತಿತ್ತು. ಹಸಿ ಮರದಲ್ಲಿ ಕುರ್ಚಿ ಮಾಡಿದರೆ ತಿಂಗಳೊಪ್ಪತ್ತಿನಲ್ಲಿ ಸೊಟ್ಟಗಾಗುತ್ತದೆ. ಅಟ್ಟದ ಮೇಲೆ, ಕಾದ ತಗಡಿನ ಕೆಳಗೆ, ಒಂದು ಹಲಗೆ ಪೂರಾ ಒಣಗಲು ಎಷ್ಟೋ ತಿಂಗಳು ಕಾಯಬೇಕು. ದೊಡ್ಡ ಊರುಗಳಲ್ಲಿ ಬಿಸಿಗಾಳಿ ಬಿಟ್ಟು ಮರ ಒಣಗಿಸುವ ಕೋಣೆಗಳಿದ್ದವು, ಕೆಲವೇ ದಿನದಲ್ಲಿ ಕೆಲಸ ಮುಗಿಯುತ್ತಿತ್ತು. ಅಂಥ ಕೋಣೆ ಕಟ್ಟಿಸುವ ಶಕ್ತಿ ಇವರಲ್ಲಿ ಒಬ್ಬನಿಗೂ ಇರಲಿಲ್ಲ. ಅದಕ್ಕೇ ಪ್ರೊಫೆಸರರು ಒಂದು ಪ್ರಶ್ನೆ ಸೇರಿಸಿದ್ದರು: ಊರಾಚೆ ಜಾಗ, ವಿದ್ಯುತ್ತು, ಎಲ್ಲರಿಗೂ ಸೇರಿ ಮರ ಒಣಗಿಸುವ ಕೋಣೆ, ಇಷ್ಟನ್ನೂ ಕೊಟ್ಟರೆ ನೀವು ಅಲ್ಲಿಗೆ ಹೋಗಲು ಸಿದ್ಧರಿದ್ದೀರಾ?

ಅಣ್ಣನನ್ನು ಎಲ್ಲರಿಗಿಂತ ಕೊನೆಗೆ ಕೇಳಿದಳು. ಒಡಹುಟ್ಟಿದವನಾದರೂ ಪ್ರಶ್ನೆ ಇದ್ದ ಹಾಗೇ ಓದಬೇಕು ಅನ್ನುವುದು ವಿಭಾಗದ ಕಟ್ಟುನಿಟ್ಟು. "ನೀವು ಸಿದ್ಧರಿದ್ದೀರಾ?" ಅಂತ ಓದಿದಾಗ ಅತ್ತಿಗೆ ಸೆರಗು ಬಾಯಿಗಿಟ್ಟು ನಕ್ಕಳು. ಅಣ್ಣ ನಗಲಿಲ್ಲ. ಉಳಿಯನ್ನು ಮೇಜಿನ ಮೇಲಿಟ್ಟು, ತಲೆಯೆತ್ತಿ ಅಟ್ಟವನ್ನು ನೋಡಿದ.

"ಒಣಗಿಸೋ ಕೋಣೆ ನಿಜವಾಗ್ಲೂ ಕೊಡ್ತಾರಾ?"

"ಪ್ರಶ್ನೆ ಅಷ್ಟೇ ಅಣ್ಣ. ಕೊಟ್ಟರೆ, ಅಂತ."

"ಕೊಟ್ರೆ ಯಾಕೆ ಹೋಗಲ್ಲ? ಮೇಜು ತಲೆ ಮೇಲೆ ಹೊತ್ಕೊಂಡು ಹೋಗ್ತೀನಿ. ಹೂಂ ಅಂತ ಹಾಕ್ಕೋ."

ಹೂಂ ಅಂತ ಹಾಕಿಕೊಂಡಳು. ಬೀದಿಯಲ್ಲಿ ಹೆಚ್ಚುಕಮ್ಮಿ ಎಲ್ಲರೂ ಹೂಂ ಅಂದಿದ್ದರು. ಪಾಲಿಶ್‌ ಮಾವ ಮಾತ್ರ, "ನನ್ನನ್ನ ಆಚೆಗೆ ಹೊರೋದು ನಾಲ್ಕು ಜನ" ಅಂದಿದ್ದ. ಆ ಉತ್ತರಕ್ಕೆ ಯಾವ ಕಾಲಮ್ಮೂ ಇರಲಿಲ್ಲ. "ಇಲ್ಲ" ಅಂತಲೇ ಹಾಕಬೇಕಾಯಿತು.

ವರದಿ ಸಿದ್ಧವಾದ ಮೇಲೆ ಪುರಭವನದಲ್ಲಿ ಸಭೆ ಕರೆದರು. ಪ್ರೊಫೆಸರರು ಪರದೆಯ ಮೇಲೆ ಚಿತ್ರ ತೋರಿಸುತ್ತ ವಿವರಿಸಿದರು. ಈ ಊರಿನ ಬಂಡವಾಳ ಜನರ ಕೈಯಲ್ಲಿದೆ, ಆ ಕೈಗೆ ಸ್ವಲ್ಪ ಅನುಕೂಲ ಒದಗಿಸಿದರೆ ಸುತ್ತಲ ಹತ್ತೂರಿಗೆ ಕೆಲಸ ಹುಟ್ಟುತ್ತದೆ. ಮೊದಲು ಒಣಗಿಸುವ ಕೋಣೆ, ಆಮೇಲೆ ಅಂಗಡಿಗಳ ಸ್ಥಳಾಂತರ, ಕಡೆಗೆ ಖಾಲಿಯಾದ ಬೀದಿಯನ್ನು ಅಗಲ ಮಾಡಿ ಬಸ್ಸುಗಳಿಗೆ ಬಿಡುವುದು. ಹೀಗೆ ಒಂದರ ಹಿಂದೆ ಒಂದು ಅಂತ ಬೆರಳು ಮಡಿಸಿ ಹೇಳಿದರು. ಪರದೆಯ ಮೇಲೆ ಅಣ್ಣನ ಕುರ್ಚಿಯ ಚಿತ್ರ ಬಂದಾಗ ಪ್ರಶ್ನಕ್ಕ ಅವನ ಮೊಣಕೈ ತಿವಿದಳು. ಅಷ್ಟು ದೊಡ್ಡದಾಗಿ ಅವನು ತನ್ನ ಕುರ್ಚಿಯನ್ನು ನೋಡಿರಲಿಲ್ಲ. "ಎಡಗಾಲು ಒಂಚೂರು ದಪ್ಪ ಆಯ್ತು" ಅಂತ ಪಿಸುಗುಟ್ಟಿದ.

ನಗರಸಭೆಯ ಅಧ್ಯಕ್ಷೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹತ್ತು ಜನರಲ್ಲಿ ಒಂಬತ್ತು ಜನ ತಾವಾಗಿಯೇ ಹೊರಡಲು ಸಿದ್ಧರಿದ್ದಾರೆ, ಬದಲಾವಣೆಗೆ ಹೆದರದ ಇಂಥ ಜನ ನಮ್ಮ ಹೆಮ್ಮೆ, ಅಂದರು. ಮಾರನೆಯ ದಿನದ ಪತ್ರಿಕೆಯ ತಲೆಬರಹವೂ ಆ ಒಂಬತ್ತು ಜನರದೇ.

ಆಮೇಲೆ ಬಹಳ ದಿನ ಏನೂ ಆಗಲಿಲ್ಲ. ಸರ್ಕಾರಿ ಕೆಲಸ, ಆಮೆ ನಡಿಗೆ, ಅಂತ ಎಲ್ಲರೂ ಸುಮ್ಮನಿದ್ದರು. ಒಂದು ಬೆಳಿಗ್ಗೆ ನಗರಸಭೆಯ ಇಬ್ಬರು ಬಂದು ಬೀದಿಯ ಉದ್ದಕ್ಕೂ ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಗೆರೆ ಎಳೆದರು. ಅಣ್ಣನ ಕಾರ್ಖಾನೆ ಪೂರ್ತಿ ಗೆರೆಯ ಆಚೆ, ರಸ್ತೆಯ ಪಾಲಿಗೆ, ಹಿಂದಿನ ಮನೆ ಗೆರೆಯ ಈಚೆ. ರಸ್ತೆ ಅಗಲೀಕರಣಕ್ಕೆ ಅಂಗಡಿಗಳನ್ನು ತೆರವು ಮಾಡಬೇಕು ಅಂತ ನೋಟೀಸು ಬಂತು. "ವಿಶ್ವವಿದ್ಯಾಲಯದ ಅಧ್ಯಯನದ ಶಿಫಾರಸಿನಂತೆ ಹಾಗೂ ಅಂಗಡಿದಾರರ ಒಪ್ಪಿಗೆಯ ಮೇರೆಗೆ" ಅಂತ ಶುರುವಾಗಿತ್ತು.

"ಒಣಗಿಸೋ ಕೋಣೆ ಎಲ್ಲಿ?" ಅಂತ ಕೇಳಿದ ಅಣ್ಣ.

ಪ್ರಶ್ನಕ್ಕ ಊರಾಚೆ ಹೋಗಿ ನೋಡಿಕೊಂಡು ಬಂದಳು. ಸಮತಟ್ಟು ಮಾಡಿದ ಬಯಲು, ಮರಗೆಲಸ ಸಂಕೀರ್ಣಕ್ಕೆ ಸ್ವಾಗತ ಅನ್ನುವ ಫಲಕ. ವಿದ್ಯುತ್‌ ಕಂಬವೂ ಇರಲಿಲ್ಲ.

ಆ ಸಂಜೆ ಅಂಗಡಿಯವರೆಲ್ಲ ಅಣ್ಣನ ಜಗಲಿಯಲ್ಲಿ ಸೇರಿದರು. ಯಾರೂ ಅವಳ ಮೇಲೆ ಕೂಗಾಡಲಿಲ್ಲ, ಕೂಗಾಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಬೀರು ಮಾಡುವವನು ಮಾತ್ರ, "ನೀನು ಕೇಳ್ದೆ ಅಂತ ಹೇಳ್ದೆ ಕಣಕ್ಕ. ಬೇರೆಯವರಾಗಿದ್ರೆ ಬಾಗಿಲೇ ತೆಗೀತಿರ್ಲಿಲ್ಲ" ಅಂದ. ಅವಳು ತಲೆ ಬಗ್ಗಿಸಿದಳು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ, ಬಿಸಿ ತುತ್ತು ಬಾಯಲ್ಲಿ ಉಳಿದ ಹಾಗಾಯಿತು.

ಮಾರನೆಯ ದಿನ ಪ್ರೊಫೆಸರರ ಕೋಣೆಗೆ ಹೋದಳು. ಅವರು ಅವಳನ್ನು ಕೂರಿಸಿ, ತಾವೇ ನೀರು ತಂದುಕೊಟ್ಟರು.

"ಮೂರು ಸಲ ಬರೆದೆ ಅವರಿಗೆ. ಕ್ರಮ ತಪ್ಪಿದೆ, ಕೋಣೆ ಮೊದಲಾಗಬೇಕು ಅಂತ. ನಿಮ್ಮ ಸಲಹೆಗೆ ಧನ್ಯವಾದ ಅಂತ ಉತ್ತರ ಬರುತ್ತೆ."

"ನೀವೇ ಹೋಗಿ ಹೇಳಿದ್ರೆ ಸಾರ್?"

"ಹೋಗಿದ್ದೆ. ಚಹಾ ಕೊಟ್ಟು ಕಳಿಸಿದ್ರು." ಅವಳು ಕುಡಿದಿಟ್ಟ ಲೋಟವನ್ನು ಪಕ್ಕಕ್ಕೆ ಸರಿಸಿದರು. "ನಾವು ಹೇಳಬಹುದು ಅಷ್ಟೇ ಅಮ್ಮ. ಮಾಡಿಸೋ ಅಧಿಕಾರ ನಮಗಿಲ್ಲ. ಇಷ್ಟು ವರ್ಷ ಅದು ಒಳ್ಳೇದೇ ಅಂದ್ಕೊಂಡಿದ್ದೆ."

ಅವರ ಮುಖ ನೋಡಿ ಅವಳಿಗೆ ಮುಂದೆ ಕೇಳಲು ಮನಸ್ಸಾಗಲಿಲ್ಲ. ಅಲ್ಲಿಂದ ನಗರಸಭೆಯ ಯೋಜನಾಧಿಕಾರಿಯ ಬಳಿ ಹೋದಳು. ಅವನು ಇದೇ ವಿಭಾಗದಲ್ಲಿ ಓದಿದವನು, ಅವಳ ಜೊತೆ ಬೀದಿ ಸುತ್ತಿ ಕಲಿತವನು. ಅವಳನ್ನು ಕಂಡು ಎದ್ದು ನಿಂತ.

"ಅಕ್ಕ, ವರದಿ ನಾನೂ ಓದಿದೀನಿ. ನೀವು ಹೇಳೋದು ಸರಿ. ಆದ್ರೆ ರಸ್ತೆಗೆ ಹಣ ಕೊಡೋದು ಒಂದು ಇಲಾಖೆ, ಒಣಗಿಸೋ ಕೋಣೆಗೆ ಇನ್ನೊಂದು. ರಸ್ತೆದು ಬಂದಿದೆ, ಕೋಣೇದು ಬಂದಿಲ್ಲ. ಬಂದಿರೋದನ್ನ ಈ ವರ್ಷ ಖರ್ಚು ಮಾಡದಿದ್ರೆ ವಾಪಸ್ ಹೋಗುತ್ತೆ."

"ಹೋಗ್ಲಿ ಬಿಡು."

"ಹೋದ್ರೆ ಮುಂದಿನ ವರ್ಷ ಕೇಳೋಕೆ ಮುಖ ಇರಲ್ಲ. ಕೋಣೆಗೂ ಸಿಗಲ್ಲ." ದನಿ ತಗ್ಗಿಸಿ ಹೇಳಿದ: "ನನ್ನ ಕೈಯಲ್ಲಿ ಏನೂ ಇಲ್ಲ ಅಕ್ಕ. ಸಭೆಗೆ ಬನ್ನಿ. ಅಧ್ಯಕ್ಷರು ಮನಸ್ಸು ಮಾಡಿದ್ರೆ ಆಗಬಹುದು."

ನಗರಸಭೆಯ ಸಭೆಯಲ್ಲಿ ಸಾರ್ವಜನಿಕರು ಹಿಂದಿನ ಬೆಂಚಿನಲ್ಲಿ ಕೂರಬಹುದು, ಮಾತಾಡುವ ಹಾಗಿಲ್ಲ. ಆದರೆ ಅಧ್ಯಕ್ಷೆ ಅವಳ ಗುರುತು ಹಿಡಿದು ತಾವೇ ಕರೆದರು. "ನಮ್ಮ ಸಂಶೋಧನೆಗೆ ಬಿಸಿಲಲ್ಲಿ ಅಲೆದವರು ಇವರು. ಎರಡು ಮಾತು ಹೇಳಲಿ." ಸದಸ್ಯರು ಮೇಜು ಕುಟ್ಟಿದರು.

ಅವಳು ಎದ್ದಳು. ಜೀವಮಾನವೆಲ್ಲ ಕೂತು ಕೇಳಿದವಳಿಗೆ ನಿಂತು ಹೇಳುವುದು ಹೊಸದು. ಆದರೂ ಹೇಳಿದಳು: ಅಟ್ಟ ಹೋದರೆ ಮರ ಒಣಗುವುದಿಲ್ಲ, ಮರ ಒಣಗದಿದ್ದರೆ ಕಸುಬು ಉಳಿಯುವುದಿಲ್ಲ, ಮೊದಲು ಕೋಣೆ ಆಗಲಿ.

ಅಧ್ಯಕ್ಷೆ ಕೊನೆಯವರೆಗೂ ನಗುಮುಖದಿಂದ ಕೇಳಿದರು. "ಕೋಣೆ ಆಗುತ್ತಮ್ಮ, ನಾನು ಮಾತು ಕೊಡ್ತೀನಿ. ಸ್ವಲ್ಪ ತಡ ಆಗಬಹುದು. ಈಗ ಒಂದೇ ಒಂದು ಪ್ರಶ್ನೆ ನನ್ನದು. ನೀವು ಕೇಳಿದಾಗ ಅವರು ಬರ್ತೀವಿ ಅಂದಿದ್ರಾ, ಬರಲ್ಲ ಅಂದಿದ್ರಾ?"

"ಬರ್ತೀವಿ ಅಂದಿದ್ರು. ಆದ್ರೆ..."

"ಅಷ್ಟು ಸಾಕಮ್ಮ. ಕೂತ್ಕೊಳ್ಳಿ."

ಕೂತಳು. ತನ್ನ ಎದುರು ಕೂತು "ಆದ್ರೆ" ಅಂತ ಶುರು ಮಾಡಿದ ಎಷ್ಟು ಜನರಿಗೆ, ಹೌದಾ ಇಲ್ಲವಾ ಅಷ್ಟು ಹೇಳಿ ಸಾಕು, ಅಂದಿದ್ದೆನೋ ಅಂತ ಯೋಚಿಸುತ್ತಿದ್ದವಳಿಗೆ ಸಭೆ ಮುಂದಿನ ವಿಷಯಕ್ಕೆ ಹೋದದ್ದೂ ತಿಳಿಯಲಿಲ್ಲ.

ಕೆಡವುವ ಯಂತ್ರ ಬಂದ ದಿನ ಗಲಾಟೆಯೇನೂ ಆಗಲಿಲ್ಲ. ಅಂಗಡಿಯವರೇ ಹಿಂದಿನ ದಿನ ಸಾಮಾನು ಇಳಿಸಿಕೊಂಡಿದ್ದರು. ಅಟ್ಟದಲ್ಲಿ ಅರೆಬರೆ ಒಣಗಿದ ಹಲಗೆಗಳನ್ನು ಅಣ್ಣ ಒಂದೊಂದಾಗಿ ಕೆಳಗೆ ಕೊಟ್ಟ, ಅತ್ತಿಗೆ ಪ್ರಶ್ನಕ್ಕ ಇಬ್ಬರೂ ಹಿಡಿದು ಅಂಗಳದಲ್ಲಿ ಒಟ್ಟಿದರು. ಪಾಲಿಶ್‌ ಮಾವ ತನ್ನ ಅಂಗಡಿ ಬೀಳುವುದನ್ನು ಎದುರಿನ ಕಟ್ಟೆಯ ಮೇಲೆ ಕೂತು ನೋಡಿದ. ಗೋಡೆ ಬಿದ್ದಾಗ ಎದ್ದ ಧೂಳು ಬಣ್ಣಬಣ್ಣವಾಗಿತ್ತು, ಅಷ್ಟು ವರ್ಷದ ಪಾಲಿಶ್‌ ಆ ಗೋಡೆಗೆ ಮೆತ್ತಿತ್ತು. ಮಗಳು ಬಂದು ಅವನನ್ನು ತನ್ನೂರಿಗೆ ಕರೆದುಕೊಂಡು ಹೋದಳು. ಹೋಗುವಾಗ ಪ್ರಶ್ನಕ್ಕನ ತಲೆ ಮೇಲೆ ಕೈಯಿಟ್ಟು, "ನಿಂದೇನೂ ತಪ್ಪಿಲ್ಲ ಮಗಾ" ಅಂದ. ಆ ಮಾತು ಅವಳಿಗೆ ಸಮಾಧಾನ ಕೊಡಲಿಲ್ಲ. ತಪ್ಪಿದ್ದಿದ್ದರೆ ತಿದ್ದಿಕೊಳ್ಳಬಹುದಿತ್ತು.

ಅಣ್ಣ ಬಯಲಿಗೆ ಹೋದ. ಹೂಂ ಅಂದಿದ್ದೆ, ಹೋಗಬೇಕು, ಅಂತ ಅವನ ಹಟ. ತಾಡಪಾಲು ಕಟ್ಟಿಕೊಂಡು, ಕೈಗರಗಸದಲ್ಲಿ ಕುಯ್ದು ಕೆಲಸ ನಡೆಸಿದ. ಒಂದು ಶಾಲೆಯವರು ಹಳೆಯ ಪರಿಚಯದ ಮೇಲೆ ಕುರ್ಚಿ ಕೇಳಿದ್ದರು. ಒಣಗದ ಮರ ಅಂತ ಗೊತ್ತಿದ್ದೂ ಮಾಡಿಕೊಟ್ಟ, ಬೇರೆ ಮರ ಇರಲಿಲ್ಲ. ಬೇಸಿಗೆ ಬಂದದ್ದೇ ತಡ, ಕುರ್ಚಿಗಳು ಒಂದೊಂದೂ ಒಂದೊಂದು ಕಡೆ ಸೊಟ್ಟಗಾಗಿ ವಾಪಸು ಬಂದವು. ಅಣ್ಣ ಅವುಗಳನ್ನು ಅಂಗಳದಲ್ಲಿ ಸಾಲಾಗಿ ಇಟ್ಟು, ಒಂದರಲ್ಲಿ ಕೂತ. ಕತ್ತಲಾಗುವವರೆಗೂ ಏಳಲಿಲ್ಲ. ಅತ್ತಿಗೆ ಊಟಕ್ಕೆ ಕರೆಯಲಿಲ್ಲ. ಬಾಗಿಲಲ್ಲಿ ನಿಂತು ನಾದಿನಿಯ ಕೈ ಹಿಡಿದುಕೊಂಡಳು, ಅಷ್ಟೇ.

ಒಬ್ಬೊಬ್ಬರೇ ಬಯಲು ಬಿಟ್ಟರು. ಬೀರು ಮಾಡುವವನು ಹೊರಗಿನ ಊರಿನ ಬಸ್ಸು ಹತ್ತಿದ. ಅಣ್ಣನಿಗೆ ಊರಿನ ಇನ್ನೊಂದು ತುದಿಯ ದೊಡ್ಡ ಪೀಠೋಪಕರಣದ ಮಳಿಗೆಯಲ್ಲಿ ಕೆಲಸ ಸಿಕ್ಕಿತು. ಎಲ್ಲಿಂದಲೋ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುವ ಕುರ್ಚಿಗಳಿಗೆ ಬೋಲ್ಟು ಬಿಗಿದು ನಿಲ್ಲಿಸುವುದು. ಬಗ್ಗಿದ ಒಂದು ಸಣ್ಣ ಕೀಲಿ ಬಿಟ್ಟರೆ ಬೇರೆ ಸಲಕರಣೆ ಬೇಡ. "ಮರ ಅಲ್ಲವೇ ಅಲ್ಲ, ಮರದ ಹೊಟ್ಟಿಗೆ ಅಂಟು ಹಾಕಿ ಒತ್ತಿದ್ದು" ಅಂತ ಮೊದಲ ದಿನ ಬಂದು ಹೇಳಿದ. ಆಮೇಲೆ ಆ ಕೆಲಸದ ಬಗ್ಗೆ ಮಾತಾಡಲಿಲ್ಲ.

ಸ್ಥಳಾಂತರದ ಪರಿಣಾಮಗಳ ಬಗ್ಗೆ ಎರಡನೇ ಅಧ್ಯಯನ ಆಗಬೇಕು ಅಂತ ಹಟ ಹಿಡಿದವರು ಪ್ರೊಫೆಸರರೇ. ಆದದ್ದನ್ನು ಹೇಳುವುದಾದರೂ ನಮ್ಮ ಕೈಲಿದೆ ಅಂದರು. ಮತ್ತೆ ಪ್ರಶ್ನಕ್ಕನೇ ಹೋಗಬೇಕು. ಒಲ್ಲೆ ಅಂದರೆ ಯಾರೋ ಅರಿಯದವರು ಹೋಗುತ್ತಾರೆ, ತಾನೇ ಹೋದರೆ ಹಸಿ ಗಾಯ ಕೆದಕಿದ ಹಾಗೆ. ಹೋದಳು. ಕೆಲವರು ಸಿಕ್ಕರು, ಕೆಲವರ ವಿಳಾಸವೂ ಸಿಗಲಿಲ್ಲ. ಸಿಕ್ಕವರು ಈ ಸಲ ನಗಲೂ ಇಲ್ಲ, ಬೈಯಲೂ ಇಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರು.

ಅಣ್ಣನನ್ನು ಅಡುಗೆಮನೆಯಲ್ಲಿ ಕೂರಿಸಿ ಕೇಳಿದಳು. ರಜೆಯ ಮಧ್ಯಾಹ್ನ. ಅತ್ತಿಗೆ ಪಾತ್ರೆ ತೊಳೆಯುತ್ತ ಬೆನ್ನು ಹಾಕಿ ನಿಂತಿದ್ದಳು.

"ನಿಮ್ಮ ಈಗಿನ ಉದ್ಯೋಗ?"

"ನಿಂಗೆ ಗೊತ್ತಿಲ್ವಾ?"

"ನೀವು ಹೇಳಬೇಕು."

"ಜೋಡಿಸೋದು."

"ಸ್ಥಳಾಂತರಕ್ಕೆ ಮುಂಚೆ?"

ಅವನು ತಲೆಯೆತ್ತಿ, ಅಟ್ಟ ಹುಡುಕುವವನ ಹಾಗೆ ಮಾಡನ್ನು ನೋಡಿದ. ಪಾತ್ರೆಯ ಸದ್ದು ನಿಂತಿತು. ಬೇಕಾದರೆ ಬಿಟ್ಟುಬಿಡಬಹುದು, ಉತ್ತರಿಸಲೇಬೇಕು ಅಂತೇನಿಲ್ಲ, ಅಂದಳು ಅವಳು.

"ಬಡಗಿ ಅಂತ ಹಾಕ್ಕೋ" ಅಂದ. "ನೀನ್ಯಾಕೆ ಅಳ್ತೀಯ? ಕಣ್ಣೊರೆಸ್ಕೋ. ಇನ್ನೂ ಎಷ್ಟಿವೆ?"

"ಬೇಕಾದಷ್ಟಿವೆ."

"ಕೇಳು."

ಕೇಳಿದಳು. ಎಲ್ಲಕ್ಕೂ ಉತ್ತರ ಕೊಟ್ಟ. ಅತ್ತಿಗೆ ಇಬ್ಬರ ಮುಂದೆಯೂ ಚಹಾ ತಂದಿಟ್ಟು ಹೋದಳು, ಅದು ಆರಿ ಕೆನೆಗಟ್ಟಿತು.

ಎರಡನೇ ವರದಿ ಮೊದಲಿನದಕ್ಕಿಂತ ಚೆನ್ನಾಗಿತ್ತು ಅಂತ ಓದಿದವರು ಹೇಳುತ್ತಾರೆ. ನಗರಸಭೆಯಲ್ಲಿ ಅಷ್ಟರಲ್ಲಿ ಅಧ್ಯಕ್ಷರು ಬದಲಾಗಿದ್ದರು. ಹೊಸಬರು ಅದನ್ನು ಗೌರವದಿಂದ ಸ್ವೀಕರಿಸಿದರು. ಕೊಟ್ಟ ಮಾತಿನಂತೆ ಒಣಗಿಸುವ ಕೋಣೆಯೂ ಆಯಿತು, ಬಯಲಿನಲ್ಲಿ ಬಡಗಿಗಳು ಯಾರೂ ಉಳಿದಿರದ ವರ್ಷ. ಖಾಲಿ ಯಾಕೆ ಬಿಡುವುದು ಅಂತ ಅದನ್ನು ಬಾಗಿಲು ಚೌಕಟ್ಟು ಮಾಡುವ ಹೊರಗಿನ ಕಂಪನಿಯೊಂದಕ್ಕೆ ಬಾಡಿಗೆಗೆ ಕೊಟ್ಟರು. ಪ್ರೊಫೆಸರರು ನಿವೃತ್ತರಾದರು. ಯೋಜನಾಧಿಕಾರಿಗೆ ಬೇರೆ ಊರಿಗೆ ವರ್ಗವಾಯಿತು. ಪ್ರಶ್ನಕ್ಕನ ಗುತ್ತಿಗೆ ಎಂದಿನಂತೆ ಮುಂದುವರಿಯಿತು. ಬಿಟ್ಟುಬಿಡಬೇಕು ಅಂತ ಪ್ರತಿ ವರ್ಷವೂ ಅಂದುಕೊಳ್ಳುತ್ತಾಳೆ. ಅವಳಿಗೆ ಬೇರೆ ಕೆಲಸ ಬರುವುದಿಲ್ಲ.

ಈಗ ಅಣ್ಣ ತಂಗಿ ಬೆಳಿಗ್ಗೆ ಒಂದೇ ಬಸ್ಸಿಗೆ ಹೋಗುತ್ತಾರೆ. ಅಗಲವಾದ ರಸ್ತೆಯಲ್ಲಿ ಬಸ್ಸು ಎಲ್ಲೂ ತಡೆಯದೆ ಓಡುತ್ತದೆ. ಆಸ್ಪತ್ರೆಗೆ ಹೋಗುವವರು, ಕಾಲೇಜಿನ ಹುಡುಗಿಯರು, ಗಿರಣಿ ಇದ್ದ ಜಾಗದ ಹೊಸ ಕಚೇರಿಗಳಿಗೆ ಹೋಗುವವರು, ಬಸ್ಸು ತುಂಬಾ ಜನ. ಒಂದು ದಿನ ಅಣ್ಣ ಕಿಟಕಿಯಾಚೆ ನೋಡುತ್ತ, "ರಸ್ತೆ ಏನೋ ಚೆನ್ನಾಗಿ ಆಗಿದೆ" ಅಂದ. ವ್ಯಂಗ್ಯವೇನಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವ ಮನುಷ್ಯ. ಅವಳು ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಮಳಿಗೆಯ ನಿಲ್ದಾಣ ಬಂತು. ಅವನು ಜನರ ನಡುವೆ ದಾರಿ ಮಾಡಿಕೊಂಡು ಇಳಿದುಹೋದ. ಅವನು ಎದ್ದ ಜಾಗದಲ್ಲಿ ಯಾರೋ ಹೆಂಗಸು ಬಂದು ಕೂತು, "ಈ ಬಸ್ಸು ಆಸ್ಪತ್ರೆ ಹತ್ರ ನಿಲ್ಲುತ್ತಾ?" ಅಂತ ಕೇಳಿದಳು. "ಹೂಂ" ಅಂದಳು ಪ್ರಶ್ನಕ್ಕ.